ಪೂಜೆ ಮಾಡಿದ ಮಾಲು ವಾಪಸ್ ಇಲ್ಲ

ನಾನು ಕಿಟಕಿಗೆ ಗ್ರಿಲ್ ಮಾಡುವವನು. ಕಳ್ಳ ಒಳಗೆ ಬರಬಾರದು ಅಂತ ಜನ ನನ್ನ ಕೈಯಿಂದ ಕಬ್ಬಿಣ ಹಾಕಿಸುತ್ತಾರೆ. ಸರಳಿಗೂ ಸರಳಿಗೂ ನಡುವೆ ಎಷ್ಟು ಸಂದು ಬಿಡಬೇಕು, ಮನುಷ್ಯನ ತಲೆ ಎಲ್ಲಿ ತೂರುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲ ನನಗೆ ಗೊತ್ತು. ಅಂಥ ನನ್ನ ಮನೆಗೇ ಕಳ್ಳ ಬಂದ. ಕಿಟಕಿ ಮುಟ್ಟಲಿಲ್ಲ, ಬಾಗಿಲು ತಟ್ಟಲಿಲ್ಲ. ನನ್ನ ಅಂಗಿ ಜೇಬಿನಲ್ಲಿದ್ದ ಫೋನಿನಿಂದ ಇಳಿದು ಬಂದ. ಬಂದವನು ನನ್ನನ್ನು ‘ಸರ್’ ಅಂದ. ಅದಕ್ಕೆ ಮುಂಚೆ ನನ್ನನ್ನು ಯಾರೂ ಸರ್ ಅಂದಿರಲಿಲ್ಲ. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು.

ಮನೆ ಭದ್ರಾವತಿ. ಕೆಲಸ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ. ಅದರ ಓನರ್ ರುದ್ರೇಶಣ್ಣ. ಅವನು ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ಓನರ್ರು. ಗೇಟು ನಾನು ಮಾಡುತ್ತೇನೆ, ಗೇಟಿನ ಮೇಲೆ ಅವನ ಫೋನ್ ನಂಬರಿನ ತಗಡು ಕೂರುತ್ತದೆ. ಆ ತಗಡನ್ನೂ ನಾನೇ ವೆಲ್ಡ್ ಮಾಡುತ್ತೇನೆ. ಎಷ್ಟೋ ವರ್ಷದಿಂದ ಹೀಗೇ ನಡೆದಿತ್ತು. ನಡೆಯಲಿ ಅಂತ ನಾನೂ ಇದ್ದೆ.

ಕೆಡಿಸಿದ್ದು ರವೀಂದ್ರನಗರದ ಸರೋಜಮ್ಮ ಟೀಚರ್. ರಿಟೈರ್ ಆಗಿ ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದರು. ಗೇಟಿನ ಕೀಲು ಮುರಿದಿದೆ ಅಂತ ನನ್ನನ್ನು ಕಳಿಸಿದ್ದ ರುದ್ರೇಶಣ್ಣ. ಕೀಲು ಹಾಕಿ ಮುಗಿಸುವಾಗ ಟೀಚರು ಮೇಲಿನ ಕಿಟಕಿಗಳಿಗೆ ಸೂರ್ಯನ ಡಿಸೈನ್ ಹಾಕಿಸೋಣ ಅಂತಿದ್ದೀನಿ ಅಂದರು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ಈ ಲೇಔಟಲ್ಲಿ ಎಲ್ಲಾರ ಕಿಟಕೀಲೂ ಸೂರ್ಯ ಹುಟ್ಟಿದಾನೆ ಟೀಚರೇ, ಸೆಖೆ ಆಗಲ್ವಾ?” ಅಂದೆ. ನೆಲದ ಮೇಲೆ ಚಾಕ್‌ಪೀಸಲ್ಲಿ ಭತ್ತದ ತೆನೆ ಎಳೆದು ತೋರಿಸಿದೆ. ಬಗ್ಗಿದ ತೆನೆ, ಎರಡು ಗರಿ, ಅಷ್ಟೇ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

“ಮಂಜುನಾಥ, ಇದನ್ನ ನೀನೇ ಮಾಡ್ಕೊಡೋ. ಮಧ್ಯ ರುದ್ರೇಶ ಯಾಕೆ? ನಿನ್ನತ್ರ ಸ್ವಂತ ಮೆಷಿನ್ ಇದ್ಯಾ?”

“ತಗೋತೀನಿ ಟೀಚರೇ.”

“ಕಾರ್ತೀಕದಲ್ಲಿ ಗೃಹಪ್ರವೇಶ. ಅಷ್ಟರಲ್ಲಿ ಆಗ್ಬೇಕು ನೋಡು.”

ನನ್ನ ತಲೆ ಕೆಟ್ಟಿದ್ದು ಆವತ್ತು. ಸ್ವಂತ ಮೆಷಿನ್, ಸ್ವಂತ ಕಿಟಕಿ, ಬೇಕಾದರೆ ಸ್ವಂತ ತಗಡು.

ಆಯುಧಪೂಜೆ ಹತ್ತಿರ ಬಂದಿತ್ತು. ನಮ್ಮ ಕಡೆ ಕೈಕೆಲಸದವರು ಹೊಸ ಸಾಮಾನು ತಗೊಳ್ಳುವುದು ಆಗಲೇ. ಇದು ನಮಗೆ ಗೊತ್ತು, ಅಂಗಡಿಯವರಿಗೆ ಗೊತ್ತು, ಫೋನಿನಲ್ಲಿ ಕೂತವನಿಗೂ ಗೊತ್ತು ಅಂತ ನನಗೆ ಗೊತ್ತಿರಲಿಲ್ಲ. ಒಂದು ವೆಬ್‌ಸೈಟಿನಲ್ಲಿ ಹಬ್ಬದ ಆಫರು, ದೊಡ್ಡ ಕಂಪನಿಯ ವೆಲ್ಡಿಂಗ್ ಮೆಷಿನ್, ಅರ್ಧ ರೇಟು. ಅಂಗಡಿಯಲ್ಲಿ ಕೇಳಿದ್ದೆ, ಅವರದು ಪೂರ್ತಿ ರೇಟು. ನನ್ನ ಹತ್ತಿರ ಇದ್ದದ್ದು, ಅಮ್ಮ ಡಬ್ಬದಿಂದ ತೆಗೆದು ಕೊಟ್ಟದ್ದು ಸೇರಿ, ಅರ್ಧಕ್ಕೆ ಸರಿಯಾಗಿ ಸಾಕಾಗುತ್ತಿತ್ತು. ಬಡವನ ಲೆಕ್ಕ ಯಾವಾಗಲೂ ಹೀಗೇ. ದುಡ್ಡು ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ಬುದ್ಧಿ ನಿಲ್ಲುತ್ತದೆ.

ನಮ್ಮದು ಅಡಿಕೆ ಜಿಲ್ಲೆ. ಮಂಡಿಯಲ್ಲಿ ಚೀಲದ ಮೇಲಿನ ಅಡಿಕೆ ನೋಡಿ ಯಾರೂ ರೇಟು ಹೇಳುವುದಿಲ್ಲ. ತಳದವರೆಗೆ ಕೈ ಹಾಕಿ, ಅಲ್ಲಿಂದ ಒಂದು ಹಿಡಿ ಎತ್ತಿ, ಒಂದನ್ನು ಕತ್ತರಿಸಿ ನೋಡುತ್ತಾರೆ. ತರಕಾರಿಯವಳು ಬೇಡ ಅಂದರೂ ಬೆಂಡೆಕಾಯಿ ತುದಿ ಮುರಿದು ನೋಡುತ್ತೇವೆ. ಅಂಥ ಜನ ನಾವು ಫೋನಿನಲ್ಲಿ ಮಾತ್ರ ತಳಕ್ಕೆ ಕೈ ಹಾಕುವುದಿಲ್ಲ. ಗಾಜು ಸವರುತ್ತೇವೆ. ಎಷ್ಟು ಸವರಿದರೂ ನುಣ್ಣಗೇ ಇರುತ್ತದೆ.

ಬ್ಯಾಂಕಿನ ಕಾರ್ಡಿನಲ್ಲಿ ದುಡ್ಡು ಕಟ್ಟಿದೆ, ಮೆಷಿನ್ ಬಂತು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಸಾಮಾನಿಗೆ ಮೊದಲು ವಿಭೂತಿ, ಆಮೇಲೆ ಕರೆಂಟು. ಮಿಕ್ಸಿಗೂ ಹಾಗೆ, ಫ್ಯಾನಿಗೂ ಹಾಗೆ. ಪೂಜೆಗೆ ಮುಂಚೆ ಸ್ವಿಚ್ ಹಾಕುವುದು ಅಂದರೆ ಅಮ್ಮನಿಗೆ ಎಡೆ ಇಡುವ ಮುಂಚೆ ಊಟ ಮಾಡಿದ ಹಾಗೆ. ಹಬ್ಬದ ದಿನ ಬೆಳಿಗ್ಗೆ ಜಗುಲಿ ಮೇಲೆ ಬಾಕ್ಸ್ ಇಟ್ಟೆವು. ಪಕ್ಕದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಸೆಲ್ವ ನನ್ನ ಫೋನ್ ಹಿಡಿದು ವಿಡಿಯೋ ಮಾಡಿದ. ಬಾಕ್ಸ್ ಕತ್ತರಿಸುವುದರಿಂದ ಹಿಡಿದು ಎಲ್ಲ ಒಂದೇ ವಿಡಿಯೋ, ಸ್ಟೇಟಸ್‌ಗೆ ಹಾಕಬೇಕಲ್ಲ. ಅಮ್ಮ ಒದ್ದೆ ಬಟ್ಟೆಯಲ್ಲಿ ಮೆಷಿನ್ ಒರೆಸಿದಳು. ಮೂರು ಬೆರಳಿಂದ ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಚೆಂಡುಹೂವಿನ ಹಾರ ಹಾಕಿದಳು. ನಾನು ಕಾಯಿ ಒಡೆದೆ. ಜೋರಾಗಿಯೇ ಒಡೆದೆ. ಅರ್ಧ ನೀರು ಲೋಟಕ್ಕೆ, ಇನ್ನರ್ಧ ಮೆಷಿನ್ ಮೇಲೆ.

ಆಮೇಲೆ ಪ್ಲಗ್ ಹಾಕಿ ಕಬ್ಬಿಣಕ್ಕೆ ರಾಡ್ ಮುಟ್ಟಿಸಿದೆ. ಒದ್ದೆಯಾದ ಬೆಂಕಿಕಡ್ಡಿ ಗೀರಿದ ಹಾಗೆ ಚುರ್ ಅಂತು. ಹಿಂದಿನ ತೂತುಗಳಿಂದ ಹೊಗೆ ಬಂತು. ಅಮ್ಮ ಕೈ ಮುಗಿದುಕೊಂಡೇ ಕೇಳಿದಳು: “ಒಳಗಿಂದ ಧೂಪ ಬರುತ್ತಲ್ಲೋ, ಒಳ್ಳೇದೇನೋ?”

ಸೆಲ್ವ ಅಂದ: “ಅಮ್ಮಾ, ಅದು ಧೂಪ ಇಲ್ಲ. ಬೋರ್ಡು ಸುಡ್ತಿದೆ.”

ವೆಬ್‌ಸೈಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ. ಒಳ್ಳೆ ಕನ್ನಡ, ಜೇನು ಸವರಿದ ಗಂಟಲು. “ಖಂಡಿತಾ ದುಡ್ಡು ವಾಪಸ್ ಕೊಡ್ತೀವಿ ಸರ್. ಬಾಕ್ಸ್ ಓಪನ್ ಮಾಡಿದ ವಿಡಿಯೋ ಇದ್ರೆ ಕಳ್ಸಿ ಸರ್.” ಇದೆಯಲ್ಲ! ಇಡೀ ಕೇರಿಯಲ್ಲಿ ಬಾಕ್ಸ್ ಒಡೆದ ವಿಡಿಯೋ ಇಟ್ಟುಕೊಂಡ ಜಾಣ ನಾನೊಬ್ಬನೇ ಅಂತ ಬೀಗುತ್ತಾ ಕಳಿಸಿದೆ. ಉತ್ತರ ಬೇಗ ಬಂತು. ಮಾಲಿನ ಮೇಲೆ ಕಲೆಗಳಿವೆ. ನೀರು ಬಿದ್ದಿದೆ. ಬಳಸಿದ ಮಾಲು. ದುಡ್ಡು ಕೊಡಲಾಗುವುದಿಲ್ಲ. ಜೊತೆಗೆ ನನ್ನದೇ ವಿಡಿಯೋದಿಂದ ತೆಗೆದ ಫೋಟೋ. ಕಾಯಿ ನೀರು ಹಾರುವ ಗಳಿಗೆಯಲ್ಲೇ ಹಿಡಿದಿದ್ದ. ಫೋಟೋ ಚೆನ್ನಾಗಿಯೇ ಬಂದಿತ್ತು, ಸುಳ್ಳು ಹೇಳಬಾರದು.

ಮತ್ತೆ ಫೋನ್ ಮಾಡಿದೆ. “ಅದು ಕಾಯಿ ನೀರು ಕಣ್ರೀ!”

“ನೀರು ನೀರೇ ಅಲ್ವಾ ಸರ್.”

“ನಿಮ್ ಮನೇಲಿ ಆಯುಧಪೂಜೆ ಮಾಡಲ್ವೇನ್ರೀ?”

“ಮಾಡ್ತೀವಿ ಸರ್. ಭಕ್ತಿಯಿಂದ ಮಾಡ್ತೀವಿ. ಆದ್ರೆ ಪೂಜೆ ಮಾಡಿದ ಮಾಲು ವಾಪಸ್ ಇಲ್ಲ ಸರ್.”

ಮಾರನೇ ದಿನದಿಂದ ಆ ನಂಬರ್ ಸತ್ತಿತು.

ಈ ‘ಸರ್’ ಬಗ್ಗೆ ನಾನು ತುಂಬಾ ಯೋಚನೆ ಮಾಡಿದ್ದೇನೆ. ಬಸ್ಸಿನಲ್ಲಿ ನಾನು ‘ಏಯ್ ಒಳಗ್ ಹೋಗೋ’. ವರ್ಕ್‌ಶಾಪಿನಲ್ಲಿ ‘ಲೋ ಮಂಜ’. ಆಸ್ಪತ್ರೆಯಲ್ಲಿ ‘ಪೇಷಂಟ್ ಕಡೆಯವ್ರು’. ಇವರು ಯಾರೂ ನನ್ನ ದುಡ್ಡು ತಿಂದಿಲ್ಲ. ಏಯ್ ಅಂದ ಕಂಡಕ್ಟರ್ ಚಿಲ್ಲರೆಯನ್ನು ಸರಿಯಾಗಿ ಎಣಿಸಿ ಕೊಟ್ಟಿದ್ದಾನೆ. ಮರ್ಯಾದೆಗೂ ಒಂದು ರೇಟು ಇರುತ್ತದೆ ಅಂತ ಕಾಣುತ್ತದೆ. ಪುಕ್ಕಟೆ ಸಿಕ್ಕಿದರೆ ಅದನ್ನೂ ತಳದವರೆಗೆ ಕೈ ಹಾಕಿ ನೋಡಬೇಕು.

ಸೆಲ್ವ ಮೆಷಿನ್ ಬಿಚ್ಚಿದ. ಒಳಗೆ ಬೆಂಕಿಪೊಟ್ಟಣದಷ್ಟು ಸುಟ್ಟ ಬೋರ್ಡು, ಎರಡು ವೈರು. ತೂಕ ಬರಲಿ ಅಂತ ಮೂಲೆಗೆ ಅಂಟಿಸಿದ ಒಂದು ಸಿಮೆಂಟ್ ಗಡ್ಡೆ. ಅವನು ನಕ್ಕ. “ಮಚ್ಚಾ, ಭದ್ರಾವತಿಯವನಿಗೆ ಕಬ್ಬಿಣ ಅಂತ ಸಿಮೆಂಟ್ ಮಾರಿದಾನಲ್ಲ, ಅವನಿಗೆ ಒಂದು ಹಾರ ಹಾಕ್ಬೇಕು.” ನನ್ನ ಅಪ್ಪ ಊರಿನ ಕಬ್ಬಿಣದ ಕಾರ್ಖಾನೆಯ ಕುಲುಮೆ ಮುಂದೆ ಬೆಂದವನು. ಕಬ್ಬಿಣದ ಧೂಳು ಉಸಿರಾಡಿ ಬೆಳೆದ ಊರು ನಮ್ಮದು. ಸೆಲ್ವನಿಗೆ ಹೊಡೆಯಬೇಕು ಅನಿಸಿತು. ಹೊಡೆಯಲಿಲ್ಲ, ಅವನು ಹೇಳಿದ್ದು ಸರಿಯಾಗಿತ್ತು.

ಪೊಲೀಸಿಗೆ ದೂರು ಬರೆಸಿದೆ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲೂ ತಕರಾರು ಹಾಕು ಅಂದರು. ದುರ್ಗಿಗುಡಿಯಲ್ಲಿರುವ ಬ್ಯಾಂಕಿಗೆ ಅರ್ಧ ದಿನದ ಕೂಲಿ ಬಿಟ್ಟು ಹೋದೆ. ಅಲ್ಲಿ ಒಬ್ಬ ಮೇಡಂ ಎಲ್ಲ ಕೇಳಿದರು, ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾ ಹೋದರು, ಒಂದು ಕಡೆ ನಿಂತರು.

“ಯೂಸ್ ಮಾಡಿದೀರಾ?”

“ಇಲ್ಲ ಮೇಡಂ, ಪೂಜೆ ಮಾಡಿದ್ದು.”

“ಅದೇ, ಎರಡಕ್ಕೂ ವ್ಯತ್ಯಾಸ ಇಂಗ್ಲಿಷಲ್ಲಿ ಹೆಂಗ್ ಬರೀಲಿ?”

ಆ ವ್ಯತ್ಯಾಸ ನನಗೆ ಕನ್ನಡದಲ್ಲೇ ಬರೆಯಲು ಬರುವುದಿಲ್ಲ. ಸಿಮೆಂಟ್ ಗಡ್ಡೆ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅದನ್ನು ನೀವೇ ಹಾಕಿದ್ದು ಅಂತ ಮಾರಿದವರು ಹೇಳಬಹುದಲ್ಲ ಅಂದರು ಮೇಡಂ. ಅದೂ ಸರಿ. ನನ್ನ ಗೋಳಿನಲ್ಲಿ ಎಲ್ಲರೂ ಸರಿಯಾದ ಮಾತನ್ನೇ ಆಡುತ್ತಿದ್ದರು. ಆ ಕಡೆಯವನು ಬ್ಯಾಂಕಿಗೂ ಅದೇ ಕಾಯಿ ನೀರಿನ ಫೋಟೋ ಕಳಿಸಿದ. ತಕರಾರು ಬಿದ್ದುಹೋಯಿತು.

ಅಷ್ಟು ಹೊತ್ತಿಗೆ ಟೀಚರ ಮನೆಗೆ ಗಾರೆಯವರು ಬಂದಾಗಿತ್ತು. ಗ್ರಿಲ್ ಕೂರದೆ ಗಾರೆ ಮುಗಿಯುವುದಿಲ್ಲ. ಹೋಗಿ ಮೆಷಿನ್ ಇಲ್ಲ ಅಂತ ಹೇಳಿದೆ. ಅವರು ಬೈಯಲಿಲ್ಲ. “ಎಷ್ಟು ಅಂತ ಕಾಯ್ಲಪ್ಪಾ ನಾನು?” ಅಂದರು. ಬೈದಿದ್ದರೆ ವಾಸಿಯಿತ್ತು. ಎರಡು ದಿನ ಬಿಟ್ಟು ರುದ್ರೇಶಣ್ಣ ನನ್ನನ್ನು ಕರೆದ. “ಲೋ ಮಂಜ, ರವೀಂದ್ರನಗರದ ಟೀಚರ ಮನೆ ಕೆಲಸ ಬಂದಿದೆ. ಅದೇನೋ ಭತ್ತದ ತೆನೆ ಡಿಸೈನ್ ಅಂತೆ. ನಿಂಗೆ ಗೊತ್ತಿರುತ್ತಂತಲ್ಲ, ನೀನೇ ಮಾಡು.” ನಾನು ತಲೆ ಎತ್ತಲಿಲ್ಲ. ಅವನು ಆ ಕಡೆ ತಿರುಗಿ ಹೋಗುವಾಗ ಕೇಳಿದ: “ಹೊಸ ಮೆಷಿನ್‌ಗೆ ಪೂಜೆ ಚೆನ್ನಾಗಾಯ್ತಂತೆ?”

ಸ್ಟೇಟಸ್ ನೋಡಿದ್ದ. ಇಡೀ ಸವಳಂಗ ರಸ್ತೆ ನೋಡಿತ್ತು.

ನನ್ನ ತೆನೆಗಳನ್ನು ನಾನೇ ಬಗ್ಗಿಸಿದೆ, ಅವನ ಮೆಷಿನ್ನಲ್ಲಿ, ದಿನಗೂಲಿಗೆ. ಚೆನ್ನಾಗಿಯೇ ಬಗ್ಗಿಸಿದೆ. ಕೆಡಿಸೋಣ ಅಂತ ಒಂದು ಗಳಿಗೆ ಅನಿಸಿತು, ಕೈ ಕೇಳಲಿಲ್ಲ. ಟೀಚರು ಕಾಫಿ ಕೊಟ್ಟರು, ಲೋಟ ನೋಡುತ್ತಾ ಕೊಟ್ಟರು. ಕೊನೆಯ ಕಿಟಕಿಯ ಕೆಳಗೆ ರುದ್ರೇಶಣ್ಣನ ತಗಡು ಕೂರಿಸಿ ಇಳಿದು ಬಂದೆ.

ಆಮೇಲೆ ಒಂದು ದಿನ ಅಮ್ಮ ಬಟ್ಟೆ ಒಗೆಯುತ್ತಾ ಹಬ್ಬದ ಸೀರೆಯ ಸೆರಗನ್ನು ಕಲ್ಲಿಗೆ ಉಜ್ಜಿ ಉಜ್ಜಿ ಸುಸ್ತಾಗಿ ಕೂತಿದ್ದಳು. ಸೆರಗಿನಲ್ಲಿ ನೀಲಿ ಕಲೆ.

“ಏನಮ್ಮಾ ಅದು?”

“ನಿನ್ ಮೆಷಿನ್‌ದೇ ಮಾರಾಯ. ವಿಭೂತಿ ಹಚ್ಚೋವಾಗ ಬಣ್ಣ ಕೈಗೆ ಬಂತು. ಹೊಸ ಸಾಮಾನು, ಹಸಿ ಬಣ್ಣ ಇರ್ಬೇಕು ಅಂತ ಸೆರಗಿಗೆ ಒರೆಸ್ಕೊಂಡೆ.”

ನಾನು ವಿಡಿಯೋ ಮತ್ತೆ ಹಾಕಿದೆ. ನೂರು ಸಲ ನೋಡಿದ್ದೆ, ಎಲ್ಲ ಸಲವೂ ಕಾಯಿ ನೀರನ್ನೇ ನೋಡಿದ್ದೆ. ಈ ಸಲ ಅಮ್ಮನ ಕೈ ನೋಡಿದೆ. ಒದ್ದೆ ಬಟ್ಟೆ ಹೋದ ದಾರಿಯಲ್ಲಿ ಕಂಪನಿಯ ಹೆಸರು ಮಸುಕಾಯಿತು. ಮೂರು ಬೆರಳು ಎಳೆದಲ್ಲಿ ಹೆಸರೇ ಇಲ್ಲ, ವಿಭೂತಿ ಮಾತ್ರ ಇದೆ. ಆ ಕಂಪನಿಯ ಅಸಲಿ ಮೆಷಿನ್ ರುದ್ರೇಶಣ್ಣನ ಹತ್ತಿರ ಇದೆ. ಅದರ ಹೆಸರು ತಗಡಿನಲ್ಲೇ ಉಬ್ಬಿ ನಿಂತಿದೆ, ಎಷ್ಟು ವರ್ಷ ಎಷ್ಟು ಜನ ಮುಟ್ಟಿದರೂ ಅಳಿಸಿಲ್ಲ.

ಅಮ್ಮನನ್ನೇ ಬ್ಯಾಂಕಿಗೆ ಕರೆದುಕೊಂಡು ಹೋದೆ. ಅವಳು ಸೀರೆಯನ್ನು ಮೇಜಿನ ಮೇಲೆ ಹರಡಿದಳು. “ನೋಡವ್ವಾ, ಎಷ್ಟ್ ಉಜ್ಜಿದ್ರೂ ಹೋಗ್ತಿಲ್ಲ. ಮೆಷಿನ್ ಮೇಲೆ ನಿಲ್ಲದೇ ಇರೋ ಬಣ್ಣ ನನ್ ಸೀರೇಲಿ ನಿಂತಿದೆ.” ಮೇಡಂ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ಬಾಕ್ಸ್ ಕತ್ತರಿಸುವುದೂ ಹೆಸರು ಅಳಿಸುವುದೂ ಒಂದೇ ಓಟದಲ್ಲಿತ್ತು, ನಡುವೆ ಯಾರೂ ಏನೂ ಮಾಡಲು ಆಗದ ಹಾಗೆ. ರುದ್ರೇಶಣ್ಣನ ಮೆಷಿನ್ನಿನ ಫೋಟೋವನ್ನೂ ತೋರಿಸಿದೆ. “ಈ ಸಲ ಪೂಜೆ ಅಂತ ಬರೆಯಲ್ಲಮ್ಮ,” ಅಂದರು ಮೇಡಂ, “ಬಟ್ಟೆಯಲ್ಲಿ ಒರೆಸಿದಾಗ ಕಂಪನಿ ಹೆಸ್ರು ಕಿತ್ತು ಬಂತು, ಮಾಲು ನಕಲಿ ಅಂತ ಬರೀತೀನಿ.” ಪೂಜೆಯ ಹೆಸರು ತೆಗೆದ ಮೇಲೆ ನಮ್ಮ ಮಾತು ಇಂಗ್ಲಿಷಿಗೆ ಸಲೀಸಾಗಿ ಇಳಿಯಿತು. ಈ ಸಲ ಆ ಕಡೆಯಿಂದ ಉತ್ತರ ಬರಲಿಲ್ಲ. ಅವರು ಬೇರೆ ಹೆಸರಿನಲ್ಲಿ ಬೇರೆ ಹಬ್ಬಕ್ಕೆ ಹೋಗಿರಬೇಕು.

ಯುಗಾದಿ ಹತ್ತಿರ ಬಂದಾಗ ದುಡ್ಡು ವಾಪಸ್ ಬಂತು. ಪೂರ್ತಿ ಬಂತು. ಜನ ಶಾಭಾಷ್ ಅಂದರು. ವಾಪಸ್ ಅನ್ನುವ ಮಾತು ಎಷ್ಟು ಸಲೀಸು ನೋಡಿ, ಹೋದದ್ದೆಲ್ಲ ಬಂತು ಅನ್ನುವ ಹಾಗೆ. ನನಗೆ ಬಂದದ್ದು ದುಡ್ಡು. ಹೋದದ್ದು ಕಿಟಕಿ. ಈಗಲೂ ರವೀಂದ್ರನಗರದಲ್ಲಿ ಕೆಲಸ ಬಿದ್ದರೆ ಆ ಬೀದಿ ಬಿಟ್ಟು ಸುತ್ತಿ ಹೋಗುತ್ತೇನೆ. ಹೋದರೆ ಮೇಲೆ ನೋಡಬೇಕಾಗುತ್ತದೆ.

ಅಮ್ಮ ಮಾತ್ರ ಗೆದ್ದವಳ ಹಾಗೆ ಓಡಾಡಿದಳು. “ನೋಡ್ದಾ? ಶಿವ ಕೊಡಿಸ್ದ.”

“ನಿನ್ ಶಿವಂಗೆ ಅಷ್ಟೆಲ್ಲ ಗೊತ್ತಿದ್ರೆ ಆವತ್ತೇ ಹೇಳ್ಬೋದಿತ್ತಲ್ಲ?”

“ಹೇಳ್ದ ಕಣೋ. ನನ್ ಕೈಗೆ ಬಣ್ಣ ಹಚ್ಚಿ ಹೇಳ್ದ. ನೀನು ಸೆಲ್ವನ ಕೈಲಿದ್ದ ಫೋನ್ ನೋಡ್ತಿದ್ದೆ, ಯಾರು ಎಷ್ಟ್ ಚೆನ್ನಾಗಿ ಕಾಣ್ತಾರೆ ಅಂತ.”

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ವಾಪಸ್ ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಅಂಗಡಿಯಿಂದ ಅಸಲಿ ಮೆಷಿನ್ ತಂದೆ. ಹೆಸರಿನ ಮೇಲೆ ಉಗುರಿಂದ ಕೆರೆದೆ. ಅಲ್ಲೇ ಪ್ಲಗ್ ಹಾಕಿಸಿ ಒಂದು ತುಂಡು ಕಬ್ಬಿಣ ಬೆಸೆದು ನೋಡಿದೆ. ಅಂಗಡಿಯವನು “ಏಯ್, ಏನೋ ನಿಂದು ಇಷ್ಟೊಂದು ಅನುಮಾನ?” ಅಂದ. ಏಯ್ ಅಂದನಲ್ಲ, ಧೈರ್ಯ ಬಂತು, ದುಡ್ಡು ಕೊಟ್ಟೆ. ಮನೆಗೆ ತಂದ ಮೇಲೆ ಅಮ್ಮ ವಿಭೂತಿ ತಟ್ಟೆ ಹಿಡಿದು ಬಂದಳು. ಆಗಲೇ ಕರೆಂಟು ಕೊಟ್ಟಾಗಿದೆ ಅಂತ ನಾನು ಹೇಳಲಿಲ್ಲ.

ಹಳೆಯದನ್ನು ಗುಜರಿಗೆ ಹಾಕೋಣ ಅಂದರೆ ಅವಳು ಬಿಡಲಿಲ್ಲ. “ವಿಭೂತಿ ಹಚ್ಚಿದ್ದನ್ನ ಬಿಸಾಕ್ತಾರೇನೋ?” ಸಿಮೆಂಟ್ ಗಡ್ಡೆಯ ಸಮೇತ ಅದು ಈಗ ದೇವರ ಗೂಡಿನ ಪಕ್ಕ ಕೂತಿದೆ. ನನ್ನ ಅಸಲಿ ಮೆಷಿನ್ ಬೆಳಿಗ್ಗೆಯಿಂದ ಸಂಜೆವರೆಗೆ ಬೀದಿಯಲ್ಲಿ ಕಬ್ಬಿಣ ಸುಡುತ್ತದೆ, ಅದಕ್ಕೆ ವರ್ಷಕ್ಕೆ ಒಂದು ಸಲ ಹೂವು. ಒಂದು ದಿನವೂ ಕೆಲಸ ಮಾಡದ, ಮುಟ್ಟಿದರೆ ಹೆಸರೇ ಅಳಿಸಿಹೋಗುವ ಈ ಡಬ್ಬಕ್ಕೆ ದಿನಾ ಊದುಬತ್ತಿ. ಅಮ್ಮ ಕೈ ಮುಗಿಯುವಾಗ ನಾನೂ ಸುಮ್ಮನೆ ಮುಗಿಯುತ್ತೇನೆ. ನಮ್ಮ ಊರಿನಲ್ಲಿ ಕೆಲಸ ಮಾಡದೆ ಹಾರ ಹಾಕಿಸಿಕೊಳ್ಳುವವರಿಗೆ ಕೈ ಮುಗಿದು ನನಗೆ ಅಭ್ಯಾಸ ಇದೆ.