ಅಪ್ಪ ಮೈಕಿನ ಮುಂದೆ ಕೂತ ಬೆಳಿಗ್ಗೆ

ಡಿಪ್ಲೊಮಾ ಓದುತ್ತಿದ್ದಾಗ ನಾನೊಂದು ಪುಟ್ಟ ಎಫ್‌ಎಂ ಟ್ರಾನ್ಸ್‌ಮೀಟರ್ ಕಟ್ಟಿದೆ. ಬುಧವಾರ ಪೇಠೆಯ ರೇಡಿಯೊ ಅಂಗಡಿಗಳಿಂದ ತಂದ ಟ್ರಾನ್ಸಿಸ್ಟರು, ಕಡಲೆಕಾಳಿನಷ್ಟು ಮೈಕು, ಪೆನ್ಸಿಲ್ಲಿಗೆ ಸುತ್ತಿ ತೆಗೆದ ತಾಮ್ರದ ತಂತಿ, ಒಂದು ಬ್ಯಾಟರಿ. ಆಗ ಪುಣೆಯಲ್ಲಿ ಎಫ್‌ಎಂ ಕೇಂದ್ರಗಳು ಕಡಿಮೆ. ರೇಡಿಯೊದ ಮುಳ್ಳು ತಿರುಗಿಸಿದರೆ ಉದ್ದಕ್ಕೂ ಭುಸ್ಸೆನ್ನುವ ಸದ್ದು. ನನ್ನ ಯಂತ್ರ ಸಿಕ್ಕ ಜಾಗದಲ್ಲಿ ಮಾತ್ರ ಆ ಭುಸ್ಸು ತಟ್ಟನೆ ಅಡಗಿ, ಮೈಕಿನ ಹತ್ತಿರದ ಸದ್ದುಗಳು ಕೇಳತೊಡಗುತ್ತಿದ್ದವು.

ಅದು ಎಷ್ಟು ದೂರ ಮುಟ್ಟುತ್ತದೆಂದು ನೋಡಲು ಮನೆಯಲ್ಲಿ ಒಬ್ಬರು ಮಾತಾಡುತ್ತಲೇ ಇರಬೇಕಿತ್ತು. ಅವ್ವ ಸೊಲ್ಲಾಪುರಕ್ಕೆ ಹೋಗಿದ್ದಳು. ಗುಮಾಸ್ತಿಕೆಯಿಂದ ನಿವೃತ್ತನಾಗಿದ್ದ ಅಪ್ಪ ಮನೆಯಲ್ಲಿ ಮಾತಾಡುವುದೇ ಅಪರೂಪ. ಅವನೇ ಮುಂದೆ ಬಂದದ್ದು ನನಗೆ ಆಶ್ಚರ್ಯ.

"ನಾ ಮಾತಾಡ್ತೀನಿ. ನೀ ರೇಡಿಯೊ ತಗೊಂಡು ನಡಿ."

"ಮೊದಲ ನಾಷ್ಟಾ ಮಾಡಪ್ಪಾ. ಇಂಜೆಕ್ಷನ್ ತಗೊಂಡೀಯಲ್ಲ?"

ಅಪ್ಪನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ತಡಮಾಡದೆ ತಿನ್ನಬೇಕಿತ್ತು, ಇಲ್ಲದಿದ್ದರೆ ರಕ್ತದ ಸಕ್ಕರೆ ತೀರಾ ಇಳಿದುಬಿಡುತ್ತಿತ್ತು. "ಉಪ್ಪಿಟ್ಟು ಮುಂದೇ ಅದ. ತಿಂತೀನಿ, ಹೋಗು," ಎಂದ. ಪಕ್ಕದ ಮನೆಯ ಹುಡುಗರು ನುಗ್ಗಿ ಗಲಾಟೆ ಮಾಡಬಾರದೆಂದು ಒಳಗಿನಿಂದ ಚಿಲಕ ಹಾಕಿಕೊಂಡ.

ಓಣಿಯಲ್ಲಿ ನಡೆಯುತ್ತಾ ರೇಡಿಯೊ ಕಿವಿಗೆ ಹಿಡಿದೆ. ಮೊದಮೊದಲು ಬರೀ "ಹಲೋ, ಹಲೋ." ಆಮೇಲೆ ಅಪ್ಪನಿಗೆ ಲಹರಿ ಬಂತು. "ಪುಣೆಕ್ಕ ಬಂದ ಹೊಸತಾಗಿ ನನಗ ಮರಾಠಿ ಒಂದಕ್ಷರ ಬರ್ತಿದ್ದಿಲ್ಲ. ಯಾರು ಏನ ಕೇಳಿದ್ರೂ 'ಹೋ, ಹೋ', ಹೌದು ಹೌದು ಅಂತಿದ್ದೆ..." ನನಗೆ ಎಂದೂ ಹೇಳದ್ದನ್ನು ಆ ಕಡಲೆಕಾಳಿಗೆ ಹೇಳುತ್ತಿದ್ದ.

ಓಣಿಯ ತುದಿಯಲ್ಲಿ ಕುಂದಾಪುರದ ಕಡೆಯವರೊಬ್ಬರ ಹೋಟೆಲು. ಮಾಲೀಕರು ಗಲ್ಲಾದಿಂದ ಎದ್ದುಬಂದು ಕಿವಿಗೊಟ್ಟರು. "ನಿಮ್ಮಪ್ಪ ಅಲ್ವಾ ಮಾರಾಯ್ತಿ!"

"ಒಂದಿವ್ಸ ಸಾಹೇಬರು ಕರದು ಕೇಳಿದ್ರು..." ಅಪ್ಪನ ಮಾತು ಎಳೆದೆಳೆದು ಬಂತು. "ಸಾಹೇಬರು... ಸಾಹೇ..." ನಿಂತಿತು.

ನಾವಿಬ್ಬರೂ ನಗಲು ಕಾದೆವು. ಮಾತು ಬರಲಿಲ್ಲ. ಯಂತ್ರ ಜಾಗ ಬಿಟ್ಟು ಸರಿದಿದೆ ಎಂದು ಮುಳ್ಳಿಗೆ ಕೈಹಾಕಿದವಳು ತಡೆದೆ. ಸರಿದಿದ್ದರೆ ಭುಸ್ಸೆನ್ನಬೇಕಿತ್ತು. ರೇಡಿಯೊ ಶಾಂತವಾಗಿತ್ತು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಚಮಚ ಬಿದ್ದ ಸದ್ದು. ಆಮೇಲೆ ಗೊರಗೊರ ಉಸಿರು.

"ಅಪ್ಪಗ ಏನೋ ಆಗ್ಯದ್ರಿ!" ಎಂದು ಓಡಿದೆ. ಮಾಲೀಕರು ಹಿಂದೆಯೇ ಬಂದರು.

ಮೆಟ್ಟಿಲು ಹತ್ತುವಾಗಲೂ ಆ ಉಸಿರು ನನ್ನ ಕೈಯಲ್ಲಿತ್ತು. ಬಾಗಿಲು ಬಡಿದರೆ ಅದೇ ಬಡಿತ ರೇಡಿಯೊದಲ್ಲೂ ಕೇಳಿತು, ಮರುಕ್ಷಣ ರೇಡಿಯೊ ಕಿಟಾರನೆ ಚೀರಿತು. ಅದರದೇ ಸದ್ದನ್ನು ಒಳಗಿನ ಮೈಕು ಹಿಡಿದು ಅದಕ್ಕೇ ಮರಳಿಸುತ್ತಿತ್ತು. ಆರಿಸದೆ ಗತಿಯಿರಲಿಲ್ಲ. ಆರಿಸಿದರೆ ಅಪ್ಪನ ಉಸಿರೂ ನಿಲ್ಲುತ್ತದೆಂಬ ಹುಚ್ಚು ಭಯ. ಕಣ್ಣು ಮುಚ್ಚಿ ಗುಂಡಿ ತಿರುಗಿಸಿದೆ. ಎಲ್ಲ ಸದ್ದೂ ಹೋಯಿತು.

"ಆಚೆ ಸರಿ ನೀನು," ಎಂದು ಮಾಲೀಕರು ಭುಜ ಕೊಟ್ಟು ಗುದ್ದಿದರು. ಚಿಲಕದ ಮೊಳೆ ಕಿತ್ತು ಬಂತು.

ಅಪ್ಪ ಮೇಜಿನ ಮೇಲೆ ಕವುಚಿದ್ದ. ಅಂಗಿಯೆಲ್ಲ ಬೆವರು. ಉಪ್ಪಿಟ್ಟು ಮುಟ್ಟಿರಲಿಲ್ಲ. ಕಣ್ಣು ಅರೆತೆರೆದಿತ್ತು, ನನ್ನ ಗುರುತು ಹತ್ತಲಿಲ್ಲ. "ಇಂಜೆಕ್ಷನ್ ತಗೊಂಡು ಏನೂ ತಿಂದಿಲ್ರಿ!" ಎಂದೆ. "ಸಕ್ಕರೆ ಎಲ್ಲುಂಟು?" ಎಂದರು ಮಾಲೀಕರು. ಅವರು ತಲೆ ಎತ್ತಿ ಹಿಡಿದರು. ಸಕ್ಕರೆ ನೀರು ಕಲಸಿ ಚಮಚದಲ್ಲಿ ತುಟಿಗಿಟ್ಟೆ. ಮೊದಲನೆಯದು ಗಲ್ಲದ ಮೇಲೆ ಹರಿಯಿತು. ಎರಡನೆಯದನ್ನು ನುಂಗಿದ. ಗಂಟಲು ಆಡುವುದನ್ನೇ ನೋಡುತ್ತಾ ಮತ್ತೊಂದು, ಮತ್ತೊಂದು.

ಡಾಕ್ಟರು ಬರುವ ಹೊತ್ತಿಗೆ ಅಪ್ಪ ಗೋಡೆಗೊರಗಿ ಕೂತಿದ್ದ. ಕಿತ್ತ ಚಿಲಕ ನೋಡಿ, "ಯಾರು ಮುರದ್ರಿದನ್ನ?" ಎಂದು ಸಿಟ್ಟಾದ. ಆ ಸಿಟ್ಟು ಕೇಳಿದ ಮೇಲೆ ನನಗೆ ಅಳು ಬಂತು.

ಮರುದಿನ ಬಂದ ಅವ್ವ ಇಬ್ಬರಿಗೂ ಬೈದಳು. ಅವಳು ಒಳಗೆ ಹೋದ ಮೇಲೆ ನಾನು ಅಪ್ಪನನ್ನು ಕೇಳಿದೆ, "ಸಾಹೇಬರು ಏನ ಕೇಳಿದ್ರು?"

ಅಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳತೊಡಗಿದ.