ಮೀಸಲು ಸೋರೆಕಾಯಿ

ಸೋರೆಕಾಯಿಯನ್ನು ಈಳಿಗೆಗೆ ಕೊಟ್ಟು ಮೊದಲ ಹೋಳು ಸೀಳಿದಾಗ ಒಂದು ಹಸಿ ವಾಸನೆ ಬರುತ್ತದಲ್ಲ, ತಣ್ಣಗೆ, ನೀರು ನೀರಾಗಿ, ಅದು ಮೂಗಿಗೆ ಬಡಿದರೆ ಸಾಕು ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಎಂಬತ್ತು ದಾಟಿದ ಮುದುಕಿ ನಾನು. ಹಾವು ಹೊಡೆದಿದ್ದೇನೆ, ಗಂಡ ಸತ್ತ ಮೇಲೆ ಒಬ್ಬಳೇ ಹೊಲ ಕಾದಿದ್ದೇನೆ. ಇಂಥವಳು ಒಂದು ಕಾಯಿಪಲ್ಲೆಗೆ ಹೆದರುತ್ತಾಳೆ ಅಂದರೆ ಯಾರು ನಂಬುತ್ತಾರೆ? ನಮ್ಮ ಸೊಸೆ ನಗುತ್ತಾಳೆ. "ಚೇಳು ಕಂಡ್ರ ಚಪ್ಪಲಿ ತಗೋತೀರಿ, ಸೋರೆಕಾಯಿ ಕಂಡ್ರ ನಡುಗ್ತೀರಲ್ರಿ ಅತ್ತಿ!" ನಗಲಿ ಬಿಡಿ. ಅವಳಿಗೆ ನಮ್ಮ ಅವ್ವ ಗೊತ್ತಿಲ್ಲ, ಆ ಮನೆ ಗೊತ್ತಿಲ್ಲ, ಆ ವರ್ಷದ ರೋಹಿಣಿ ಬಿಸಿಲು ಗೊತ್ತಿಲ್ಲ. ನಿಮಗೂ ಅಂಥದ್ದೊಂದು ಮನೆ ಇದ್ದು ಹೋಗಿರುತ್ತದೆ, ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಮ್ಮ ಕಡೆ ಅವ್ವ ಅಂದರೆ ಅಜ್ಜಿ, ಅಮ್ಮ ಅಂದರೆ ಹೆತ್ತವಳು. ನಮ್ಮೂರು ಆದೋನಿಯಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ. ಆದೋನಿ ಆಗಿನ್ನೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಎಲ್ಲೋ ದೂರ ಯುದ್ಧ ನಡೆದಿತ್ತು, ಊರಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ನಮಗೆ ಯುದ್ಧ ಅಂದರೆ ಅಷ್ಟೇ. ಮನೆಯ ಹಿಂದೆ ಅವ್ವನ ಹಿತ್ತಲು. ಬಚ್ಚಲ ಕಲ್ಲು, ಅದರ ನೀರು ಹರಿಯುವ ಸಣ್ಣ ಕಾಲುವೆ, ಕಾಲುವೆಯ ಬಾಯಿಗೆ ಒಂದು ಸೋರೆ ಬಳ್ಳಿ, ನಾಲ್ಕು ಬದನೆ ಗಿಡ, ಮೂಲೆಗೊಂದು ನುಗ್ಗೆ. ಮನೆಯವರು ಮಿಂದ ನೀರೇ ಅವಕ್ಕೆ ಆಧಾರ. ಆದರೆ ಅವ್ವನ ಕೈಗುಣ ದೊಡ್ಡದು. ಒಣಗಿದ ಸೋರೆ ಬುರುಡೆಯೊಂದನ್ನು ತೊಲೆಗೆ ತೂಗುಹಾಕಿ ಅದರೊಳಗೆ ಬೂದಿ ಸವರಿದ ಬೀಜ ಇಟ್ಟಿರುತ್ತಿದ್ದಳು. ಮಿರಗದ, ಅದೇ ಮೃಗಶಿರೆಯ, ಮೊದಲ ಮಳೆ ಬಿದ್ದ ಮಾರನೆಯ ದಿನ ಓಣಿಯ ಹೆಂಗಸರೆಲ್ಲ ಬಂದು ಕಟ್ಟೆಯ ಮುಂದೆ ಸೆರಗು ಒಡ್ಡುತ್ತಿದ್ದರು. ಸ್ವಂತ ಬೀಜ ಇದ್ದವರೂ ಅವ್ವನ ಕೈಯಿಂದ ಎರಡು ಇಸಿದುಕೊಂಡೇ ಹೋಗುತ್ತಿದ್ದರು. ಅವತ್ತು ಅವ್ವನ ಮುಖ ನೋಡಬೇಕಿತ್ತು, ಊರ ಗೌಡನಿಗಿಂತ ಗತ್ತು! "ಬೀಜ ಒಯ್ದು ನೀರು ಹಾಕಲಿಲ್ಲಂದ್ರ ಮುಂದಿನ ವರ್ಷ ಬರಬ್ಯಾಡ ನೀನು" ಎಂದು ಒಬ್ಬೊಬ್ಬರನ್ನೂ ಗದರಿಸಿಯೇ ಕೊಡುತ್ತಿದ್ದಳು.

ಆ ಬೇಸಿಗೆ ಗೌರತ್ತೆ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಪ್ಪನ ತಂಗಿ, ಅವ್ವನಿಗೆ ಒಬ್ಬಳೇ ಮಗಳು, ಮದ್ದಿಕೇರಕ್ಕೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಬಸುರು ಅದು. ಏಳು ತುಂಬಿ ಎಂಟರಲ್ಲಿತ್ತು. ನನಗಾಗ ಒಂಬತ್ತು ವರ್ಷ. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿನ ಒದೆತ ಹಿಡಿಯುವುದೇ ನನ್ನ ಆಟ. "ನಿನ್ನ ಗಂಡ ಅದಾನ ಒಳಗ, ಎಷ್ಟು ಒದಿತಾನ ನೋಡು" ಎಂದು ಅವಳು ರೇಗಿಸಿದರೆ ನಾನು ನಾಚಿ ಓಡುತ್ತಿದ್ದೆ. ಆದರೆ ಬಿಸಿಲು ಮಾತ್ರ ಮನುಷ್ಯರನ್ನು ನಗಲು ಬಿಡುವಂಥದ್ದಾಗಿರಲಿಲ್ಲ. ಎರೆ ಹೊಲ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟಿತ್ತು. ಮಧ್ಯಾಹ್ನ ಕಾಗೆಗಳು ಬಾಯಿ ತೆರೆದು ನುಗ್ಗೆ ಕೊಂಬೆಯಲ್ಲಿ ಕೂತಿರುತ್ತಿದ್ದವು. ಎರಡು ಮನೆಯಾಚೆ ಒಬ್ಬ ಗಟ್ಟಿಮುಟ್ಟಾದ ಆಳು ಹೊಲದಿಂದ ಬಂದವನು ನೀರು ಕೇಳುತ್ತಲೇ ಹೋಗಿಬಿಟ್ಟ. ಆಮೇಲೆ ಅವ್ವ ದಿನವೂ ಮಗಳ ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತ ಕೂತಿರುತ್ತಿದ್ದಳು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮನೆಯಲ್ಲಿ ಎಲ್ಲರಿಗೂ ಒಂದೇ ಭಯ, ಆ ಕೂಸು ಮಳೆಯ ತನಕ ತಡೆಯಬೇಕು.

ಕಾಯಿಪಲ್ಲೆ ಅನ್ನುವುದು ಊರಲ್ಲೇ ಇರಲಿಲ್ಲ. ಬಸುರಿಗೆ ಬರೀ ರೊಟ್ಟಿ ಖಾರ ಹಾಕುವುದು ಹೇಗೆ ಎಂದು ಅವ್ವ ನಸುಕಿನಲ್ಲಿ ನನ್ನನ್ನು ಎಬ್ಬಿಸಿಕೊಂಡು ತೊಪ್ಪಲು ಹುಡುಕಲು ಹೋಗುತ್ತಿದ್ದಳು. ಹಳ್ಳದ ದಂಡೆಯ ಮರದಲ್ಲಿ ಹುಣಸೆ ಚಿಗುರು, ದನ ಕುಡಿಯುವ ತೊಟ್ಟಿಯ ಬುಡದಲ್ಲಿ ಒಂದು ಹಿಡಿ ಗೋಳಿ ಸೊಪ್ಪು, ಅದೃಷ್ಟವಿದ್ದರೆ ನಾಲ್ಕು ಈಚಲ ಹಣ್ಣು. ಹೊತ್ತು ಒಂದು ಮಾರು ಏರುವಷ್ಟರಲ್ಲಿ ಮನೆ ಸೇರಬೇಕು. ಗುರುತಿಲ್ಲದ ಸೊಪ್ಪನ್ನು ಅವ್ವ ಮೊದಲು ತಾನೇ ಒಂದು ಎಲೆ ಅಗಿದು, ಉಗಿದು, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಮೇಲೆ ಉಡಿಗೆ ಹಾಕುವಳು. ಮನೆಯಲ್ಲೂ ಅದೇ ಶಿಸ್ತು. ಸೌತೆ, ಹೀರೆ, ಸೋರೆ ಯಾವುದೇ ಹೆಚ್ಚಿದರೂ ಮೊದಲ ಹೋಳು ನಾಲಿಗೆಗೆ. "ನೀರಿಲ್ಲದ ಬಳ್ಳಿ ಸಿಟ್ಟಾಗತೈತಿ ರತ್ನಿ. ಸಿಟ್ಟಾದ ಬಳ್ಳಿ ಕಾಯಿ ಕಹಿ ಆಗತೈತಿ. ಕಹಿ ಸೋರೆ ಆಳಿನ ಜೀವ ತಿಂತೈತಿ" ಎಂದು ಎಷ್ಟು ಸಲ ಹೇಳಿದ್ದಳೋ.

ಆದರೆ ಒಂದು ಕಾಯಿಗೆ ಆ ಶಿಸ್ತು ಇರಲಿಲ್ಲ. ಬಳ್ಳಿಯ ಮೊದಲ ಕಾಯಿ ನಮ್ಮ ಮನೆದೇವರು ಹಣಮಪ್ಪನ ಮೀಸಲು. ಅದನ್ನು ಮಡಿಯಲ್ಲಿ ಕೊಯ್ದು, ಮಡಿಯಲ್ಲಿ ಬೇಯಿಸಿ, ನೈವೇದ್ಯವಾಗುವ ತನಕ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಮುಟ್ಟಿಸಿದರೆ ನಾಲಿಗೆ ಹುಣ್ಣಾಗುತ್ತದೆ, ಮನೆಗೆ ಕೇಡು. ಆ ವರ್ಷ ಬಾವಿ ತಳ ಕಂಡು ಮನೆಯವರು ಮೈಗೆ ಒದ್ದೆ ಬಟ್ಟೆ ಒರೆಸಿಕೊಳ್ಳತೊಡಗಿದ ಮೇಲೆ ಬಚ್ಚಲ ಕಾಲುವೆಯೂ ಒಣಗಿತ್ತು. ಬೇಸಿಗೆಗೆಂದು ಹೊಸದಾಗಿ ಊರಿದ್ದ ಬಳ್ಳಿಯ ಎಲೆಗಳೆಲ್ಲ ಸುಟ್ಟು ಒಂದೇ ಒಂದು ಕಾಯಿ, ಆ ಮೊದಲನೆಯದು, ನಿಂತಿತ್ತು. ಅವ್ವ ತನ್ನ ಪಾಲಿನ ಕುಡಿಯುವ ನೀರಿನಲ್ಲಿ ಒಂದು ಚೊಂಬು ಅದಕ್ಕೆ ಹಾಕುತ್ತಿದ್ದಳು. ಒಂದು ಶನಿವಾರ ಅದನ್ನು ಕೊಯ್ದಳು.

ಹೆಚ್ಚಿದ ಹೋಳುಗಳನ್ನು ತಾಟಿನಲ್ಲಿಟ್ಟು, "ಕಾಗಿ ಬರದಂಗ ನೋಡ್ಕೋ, ಮುಟ್ಟಬ್ಯಾಡ" ಎಂದು ನನಗೆ ಹೇಳಿ ಮಡಿ ನೀರಿಗೆ ಬಾವಿಗೆ ಹೋದಳು. ಅಮ್ಮ ಆಗಲೇ ಬಾವಿಯ ಹತ್ತಿರ ಕೊಡ ಹಿಡಿದು ಸರದಿಗೆ ನಿಂತಿದ್ದಳು. ಗೌರತ್ತೆ ಒಳಗೆ ಮಲಗಿದ್ದಳು. ನಾನು, ಆ ತಾಟು, ಆ ಹಸಿ ವಾಸನೆ. ಎಷ್ಟು ವಾರದಿಂದ ತಂಪಾದದ್ದೊಂದು ಬಾಯಿಗೆ ಬಿದ್ದಿರಲಿಲ್ಲ! ಕೈ ಹೋಯಿತು. ಒಂದು ಹೋಳು ಕಚ್ಚಿದೆ. ಅಬ್ಬಬ್ಬಾ, ಆ ಕಹಿ! ಬೇವಿನ ಎಣ್ಣೆಯೂ ಅದರ ಮುಂದೆ ಏನಲ್ಲ. ಗಂಟಲು ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ಉಗಿದು, ಉಳಿದ ಹೋಳನ್ನು ಬಚ್ಚಲ ಕಲ್ಲಿನ ಸಂದಿಗೆ ತುರುಕಿದೆ. ಕಾಯಿಯೇ ಕಹಿ ಇದೆ ಎಂದು ನನಗೆ ಹೊಳೆಯಲೇ ಇಲ್ಲ, ಅದನ್ನು ನೀವು ನಂಬಬೇಕು. ನನಗೆ ಹೊಳೆದದ್ದು ಒಂದೇ, ಮೀಸಲು ಎಂಜಲು ಮಾಡಿದ್ದಕ್ಕೆ ಹಣಮಪ್ಪ ನನ್ನ ಬಾಯಲ್ಲಿ ಅದನ್ನು ಕಹಿ ಮಾಡಿದ. ಇನ್ನು ನಾಲಿಗೆ ಹುಣ್ಣಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಅವ್ವ ಬಂದಾಗ ನಾನು ತುಟಿ ಬಿಗಿದುಕೊಂಡು ಕಾಗೆ ಓಡಿಸುತ್ತಿದ್ದೆ.

ಅವ್ವ ಹಾಲು ಬೆಲ್ಲ ಹಾಕಿ ಪಾಯಸ ಮಾಡಿದಳು. ನೈವೇದ್ಯ ಆಯಿತು. ಅವಳಿಗೆ ಶನಿವಾರದ ಒಪ್ಪತ್ತು, ಸಂಜೆ ತನಕ ಏನೂ ಮುಟ್ಟುವಂತಿಲ್ಲ. ಪ್ರಸಾದ ಮೊದಲು ಬಸುರಿಗೆ. ಗೌರತ್ತೆ ಎದ್ದು ಕೂತು ಬಟ್ಟಲು ತೆಗೆದುಕೊಂಡಳು. ಎರಡು ತುತ್ತು ಆದ ಮೇಲೆ ಮುಖ ಕಿವುಚಿದಳು.

"ಅಮ್ಮಾ, ಯಾಕೋ ಕಹಿ ಐತಿ."

"ಬಸುರಿ ಬಾಯಿಗೆ ಜೇನೂ ಕಹಿನ. ಪ್ರಸಾದ ಬಿಡಬಾರದವ್ವಾ, ಕಣ್ಣು ಮುಚ್ಚಿ ತಿನ್ನು. ಹೊಟ್ಯಾಗಿನ ಕೂಸಿಗೆ ತಂಪು."

ನಾನು ಕಂಬದ ಹಿಂದೆ ನಿಂತಿದ್ದೆ. ಆಗ ನನಗೆ ಗೊತ್ತಾಯಿತು. ಅವಳೇನೂ ಕದ್ದು ತಿಂದಿರಲಿಲ್ಲ. ಅವಳ ಬಾಯಲ್ಲೂ ಕಹಿ ಅಂದರೆ ಕಾಯಿಯೇ ಕಹಿ. ಬಾಯಿ ತೆರೆದೆ. ಏನೆಂದು ಹೇಳಲಿ? ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ? ಗೌರತ್ತೆ ತನ್ನ ತಾಯಿಯ ಮಾತಿಗೆ ಕಣ್ಣು ಮುಚ್ಚಿಕೊಂಡು ಬಟ್ಟಲು ಖಾಲಿ ಮಾಡುವ ತನಕ ನಾನು ನೋಡುತ್ತಲೇ ನಿಂತೆ. ಹಾಳಾದ ಬಾಯಿ, ಇವತ್ತು ಇಷ್ಟು ಮಾತಾಡುತ್ತದೆ.

ನೆರಳು ಒಂದು ಗೇಣು ಸರಿಯುವಷ್ಟರಲ್ಲಿ ವಾಂತಿ ಶುರುವಾಯಿತು. ಮೊದಲು ಪಾಯಸ, ಆಮೇಲೆ ಹಸಿರು ನೀರು, ಆಮೇಲೆ ರಕ್ತ. ಅವ್ವ ಓಡಿಹೋಗಿ ಪಾತ್ರೆಯ ಅಂಚಿನಲ್ಲಿದ್ದದ್ದನ್ನು ಬೆರಳಲ್ಲಿ ನೆಕ್ಕಿದಳು. ಪಾಯಸವನ್ನು ಬಚ್ಚಲಿಗೆ ಸುರಿದವಳು, ಕಲ್ಲಿನ ಹತ್ತಿರ ಬಗ್ಗಿ ಏನೋ ನೋಡಿ ಒಂದು ಗಳಿಗೆ ಹಾಗೇ ನಿಂತಳು, ಆಮೇಲೆ ಮಜ್ಜಿಗೆ ತುಪ್ಪ ಎಂದು ಕೂಗುತ್ತ ಒಳಗೆ ಓಡಿದಳು. ಅಪ್ಪ ಬಂದು ಗಾಡಿ ಕಟ್ಟಿದ. ಸುಡುವ ನಡುಮಧ್ಯಾಹ್ನ ಆದೋನಿ ಆಸ್ಪತ್ರೆಯ ದಾರಿ. ಗಾಡಿಯಲ್ಲಿ ಅವ್ವ ತನ್ನ ಸೀರೆಯನ್ನು ನೀರಲ್ಲಿ ಅದ್ದಿ ಮಗಳಿಗೆ ಹೊದಿಸಿ, ತಾನು ತಲೆಯ ಮೇಲೆ ಬಟ್ಟೆಯಿಲ್ಲದೆ ಕೂತಿದ್ದಳು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಯ ಮಾಡದಲ್ಲಿದ್ದ ಹಣಮಪ್ಪನ ಮುಂದೆ ಕೂತು, ನನ್ನ ನಾಲಿಗೆ ಹುಣ್ಣಾಗಲಿ, ಬಿದ್ದುಹೋಗಲಿ, ಅತ್ತೆಯನ್ನು ಕಳಿಸು ಎಂದು ಹಣೆ ಚಚ್ಚಿಕೊಂಡೆ. ನಾಲಿಗೆಗೆ ಏನೂ ಆಗಲಿಲ್ಲ.

ಗೌರತ್ತೆ ಉಳಿದಳು. ಕೂಸು ಉಳಿಯಲಿಲ್ಲ. ಗಂಡು.

ಹದಿನೈದು ದಿನಕ್ಕೆ ಮದ್ದಿಕೇರದಿಂದ ಅವಳ ಅತ್ತೆ ಬಂದಳು. ಪಡಸಾಲೆಯಲ್ಲಿ ಕಂಬಳಿಯ ಮೇಲೂ ಕೂರದೆ ನಿಂತೇ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳಿದಳು, "ಎವರು ವಂಡಿನಾರು? ಅಡಿಗಿ ಯಾರು ಮಾಡಿದ್ದು ಹೇಳ್ರಿ." ಓಣಿಯವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ನಾನು ತಡೆಯಲಾರದೆ, "ಅವ್ವಾ, ನಾನು..." ಎಂದೆ. ಅವ್ವ ನನ್ನ ಕಡೆ ತಿರುಗಿ ನೋಡಿದ ರೀತಿಗೆ ಮಾತು ಅಲ್ಲೇ ನಿಂತಿತು. "ಏ ರತ್ನಿ, ದೊಡ್ಡೋರ ನಡುವ ಏನ ನಿಂದು? ಹೋಗಿ ಕಟ್ಟಿಗಿ ತಗೊಂಬಾ!" ಎಂದು ಗದರಿ, ಬೀಗತಿಯ ಮುಂದೆ ಕೈ ಮುಗಿದಳು. "ನಾನ ಮಾಡೀನ್ರಿ. ರುಚಿ ನೋಡಲಿಲ್ಲ. ಬಿಡ್ತೀನಂದ್ರೂ ಬಿಡದ ನಾನ ತಿನ್ನಿಸೀನಿ. ತಪ್ಪು ನನ್ನದು, ಒಬ್ಬಾಕಿದು." ನಾನು ಹಿತ್ತಲಿಗೆ ಹೋಗಿ ಕಟ್ಟಿಗೆ ಆರಿಸುತ್ತ ಕೂತೆ. ಅವತ್ತಿನಿಂದ ಗೌರತ್ತೆ ಯಾವ ಬಾಣಂತನಕ್ಕೂ ತವರಿಗೆ ಬರಲಿಲ್ಲ.

ಆ ವರ್ಷ ಮಿರಗ ಹೊತ್ತಿಗೆ ಸರಿಯಾಗಿ ಸುರಿಯಿತು. ಮಾರನೆಯ ಬೆಳಿಗ್ಗೆ ಅವ್ವ ತಲೆ ಬಾಚಿಕೊಂಡು, ಬುರುಡೆ ಇಳಿಸಿಕೊಂಡು ಕಟ್ಟೆಯ ಮೇಲೆ ಕೂತಳು. ಹೆಂಗಸರು ಮುಂದಿನಿಂದಲೇ ಹಾದುಹೋದರು. ಒಬ್ಬಳು ನೀರಿನ ಕೊಡ ಆ ಸೊಂಟದಿಂದ ಈ ಸೊಂಟಕ್ಕೆ ಬದಲಿಸಿ ಮುಖ ಆಚೆ ಮಾಡಿದಳು. ಇನ್ನೊಬ್ಬಳು, ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು, "ಈ ಸಲ ಬ್ಯಾಡ್ರಿ, ನಮ್ಮಲ್ಲೇ ಅದಾವು" ಎಂದಳು. ಮೊಮ್ಮಗನನ್ನು ತಿಂದ ಕೈಯಿಂದ ಬೀಜ ಯಾರಿಗೆ ಬೇಕು? ಬಿಸಿಲು ನೆತ್ತಿಗೆ ಬರುವ ತನಕ ಅವ್ವ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಆಮೇಲೆ ಎದ್ದು, ಹಿತ್ತಲಿಗೆ ಬಂದು ತನ್ನ ಪಾಲಿನ ನಾಲ್ಕು ಬೀಜ ಊರಿದಳು. ಮೊದಲ ಕಾಯಿ ಬಂದಾಗ, ಈಳಿಗೆಯ ಮುಂದೆ ಕೂತು, ಹಣಮಪ್ಪನ ಕಡೆ ಒಂದು ಸಲ ನೋಡಿ, ಹೋಳನ್ನು ನಾಲಿಗೆಗೆ ಹಚ್ಚಿಕೊಂಡಳು. "ಎಂಜಲು ತಿಂದ್ರ ಅವನು ಸಾಯಂಗಿಲ್ಲ" ಎಂದಳು. ಅಮ್ಮ ಬೆಚ್ಚಿಬಿದ್ದಳು. ಆ ಮನೆಯಲ್ಲಿ ಮುಂದೆ ಎಂದೂ ಎಂಜಲಾಗದ ನೈವೇದ್ಯ ಆಗಲಿಲ್ಲ.

ಹತ್ತು ವರ್ಷದ ಮೇಲೆ ನನ್ನ ಮೊದಲ ಬಸುರಿಗೆ ತವರಿಗೆ ಬಂದೆ. ಅವ್ವನ ಕಣ್ಣು ಮಂಜಾಗಿತ್ತು, ಆದರೂ ಹಿತ್ತಲಲ್ಲಿ ಬಳ್ಳಿ ಇತ್ತು. ಹೋಳು ಸೀಳಿ, ತಾನು ರುಚಿ ನೋಡಿ, ಇನ್ನೊಂದು ಚೂರು ನನ್ನ ಕಡೆ ಚಾಚಿದಳು. "ನೀನೂ ನೋಡು." ನಾನು ಅಲ್ಲಿಯ ತನಕ ತಡೆದದ್ದೆಲ್ಲ ಒಡೆದುಹೋಯಿತು. ಅವಳ ಮಂಡಿಗೆ ತಲೆಯಿಟ್ಟು ಅಳುತ್ತ ಹೇಳಿದೆ. ಅವ್ವ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ. ಬಚ್ಚಲ ಕಲ್ಲಿನ ಸಂದ್ಯಾಗ ಸಿಕ್ಕಿತ್ತು. ಸಣ್ಣ ಹಲ್ಲಿನ ಗುರುತು ಇತ್ತು."

"ಅವತ್ತೇ? ಮತ್ತ ಯಾಕ ಹೇಳಲಿಲ್ಲ ಅವ್ವಾ? ಊರ ಮಂದಿ ನಿನ್ನ..."

"ನನಗ ಅರವತ್ತಾಗಿತ್ತು, ನಿನಗ ಒಂಬತ್ತು. ಇದನ್ನ ಯಾರು ಹೊರಬೇಕು, ಹೇಳು?" ಎಂದಳು. ಆಮೇಲೆ, "ಅಳಬ್ಯಾಡ, ಬಸುರಿ ಅಳಬಾರದು" ಎಂದು ಸೆರಗಿನಿಂದ ನನ್ನ ಮೂಗು ಒರೆಸಿದಳು.

ಮುಂದಿನ ಬೇಸಿಗೆಗೆ ಅವ್ವ ಇರಲಿಲ್ಲ. ಈಗ ಆ ಮನೆಯೂ ಇಲ್ಲ. ಮಾಳಿಗೆ ಕುಸಿದು, ಕಲ್ಲುಗಳನ್ನು ಯಾರೋ ಹೊತ್ತುಕೊಂಡು ಹೋಗಿ, ಹಿತ್ತಲ ಜಾಗದಲ್ಲಿ ಜಾಲಿ ಎದ್ದಿದೆ. ಬುರುಡೆ ಮಾತ್ರ ನನ್ನ ಹತ್ತಿರ ಇದೆ, ಬೂದಿ ಸವರಿದ ಬೀಜವೂ ಇದೆ, ಪ್ರತಿ ವರ್ಷ ಹೊಸದು ಮಾಡಿ ಇಡುತ್ತೇನೆ. ಮಿರಗ ಬಿದ್ದ ಮಾರನೆಯ ದಿನ ಅಕ್ಕಪಕ್ಕದ ಹೆಂಗಸರು ಬಂದು ಸೆರಗು ಒಡ್ಡುತ್ತಾರೆ, ನಿಮ್ಮ ಕೈಗುಣ ದೊಡ್ಡದು ಅನ್ನುತ್ತಾರೆ. ನನ್ನದಲ್ಲ, ನಮ್ಮ ಅವ್ವಂದು ಎಂದು ಒಬ್ಬೊಬ್ಬರಿಗೂ ಹೇಳಿಯೇ ಕೊಡುತ್ತೇನೆ, ದೇವರಿಗಿಡುವ ಕಾಯಿಯಾದರೂ ರುಚಿ ನೋಡಿ ಇಡ್ರಿ ಎಂದೂ ಹೇಳುತ್ತೇನೆ. ಗೌರತ್ತೆ ಆಮೇಲೆ ಮೂರು ಮಕ್ಕಳನ್ನು ಹೆತ್ತಳು, ಮುಪ್ಪಿನ ತನಕ ಬದುಕಿದಳು, ಸಾಯುವ ವರೆಗೂ ತನ್ನ ತಾಯಿಯನ್ನು ಕ್ಷಮಿಸಲಿಲ್ಲ. ಅವಳ ಮುಂದೆ ಎಷ್ಟೋ ಸಲ ಕೂತಿದ್ದೇನೆ, ಅವಳ ಕೈಯ ಅಡುಗೆ ಉಂಡಿದ್ದೇನೆ, ಹೇಳಲಿಲ್ಲ.