ವಿಜಯವಾಡದಲ್ಲಿ ಕನ್ನಡ ಊಟ

ನನ್ನ ಮೈದುನನಿಗೆ ಒಂದು ಅಭ್ಯಾಸವಿದೆ. ಯಾರು ಏನೇ ಮಾಡುತ್ತಿರಲಿ, ಅದನ್ನು ಇನ್ನೂ ಚೆನ್ನಾಗಿ ಮಾಡುವುದು ಹೇಗೆಂದು ಹೇಳದೆ ಅವನಿಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಅವನ ಮನೆ. ಅವನ ಕೆಲಸವೆಂದರೆ, ಯಾರಾದರೂ ನೆಟ್‌ನಲ್ಲಿ ಏನನ್ನಾದರೂ ಹುಡುಕಿದಾಗ ತನ್ನ ಗಿರಾಕಿಗಳ ಪುಟವೇ ಎಲ್ಲರಿಗಿಂತ ಮೇಲೆ ಬರುವಂತೆ ಮಾಡುವುದು. ಹೀಗೂ ಒಂದು ಉದ್ಯೋಗವಿದೆ ಎಂದು ನಂಬಲು ನನಗೆ ಬಹಳ ಕಾಲ ಹಿಡಿಯಿತು. ನಂಬಿದ ಮೇಲೆ ಆ ಉದ್ಯೋಗ ನನ್ನ ಅಡುಗೆಮನೆಗೇ ಬಂದು ಕೂತಿತು.

ನಾವಿರುವುದು ಕೊಂಡಪಲ್ಲಿಯ ಹತ್ತಿರ, ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ನನ್ನ ಗಂಡ ಅಲ್ಲಿ ಇಂಜಿನಿಯರ್. ಇಬ್ಬರೂ ಧಾರವಾಡದ ಕಡೆಯವರು. ಮಗಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ನಮ್ಮ ಜೊತೆ ಕನ್ನಡ ಮಾತಾಡುತ್ತಾಳೆ, ಸಿಟ್ಟು ಬಂದರೆ ತೆಲುಗಿಗೆ ಹಾರುತ್ತಾಳೆ, ಕನ್ನಡ ಅಕ್ಷರ ಮಾತ್ರ ಅವಳಿಗೆ ಬರುವುದಿಲ್ಲ. ಅವಳು ಕೋಚಿಂಗಿಗೆಂದು ವಿಶಾಖಪಟ್ಟಣಕ್ಕೆ, ಚಿಕ್ಕಪ್ಪನ ಮನೆಗೆ ಹೋದ ಮೇಲೆ ನನ್ನ ಮಧ್ಯಾಹ್ನಗಳು ಖಾಲಿ ಬಿದ್ದವು. ಆಗ ನಾನು ಬ್ಲಾಗ್ ಶುರು ಮಾಡಿದೆ. ಕನ್ನಡದಲ್ಲಿ, ಅಡುಗೆಯ ಬಗ್ಗೆ. ಊರಿನ ಅಡುಗೆ ಈ ಊರಿಗೆ ಬಂದು ಹೇಗೆ ಬದಲಾಯಿತು ಎಂಬುದೇ ಅದರ ವಿಷಯ.

ಮೊದಲು ಬರೆದದ್ದು ಪುಂಡಿ ಪಲ್ಯದ ಮೇಲೆ. ನಮ್ಮ ಪುಂಡಿಯೇ ಇವರ ಗೋಂಗೂರ. ಕೆಂಪು ದಂಟಿನದು ಹುಳಿ ಹೆಚ್ಚು, ಬಿಳಿ ದಂಟಿನದು ಸೌಮ್ಯ. ಇವರು ಅದನ್ನು ಎಣ್ಣೆಯಲ್ಲಿ ಹುರಿದು ಪಚ್ಚಡಿ ಎಂಬ ಚಟ್ನಿ ಮಾಡಿದರೆ ನಾವು ಜೋಳದ ನುಚ್ಚು, ಬೇಳೆ, ಬೆಳ್ಳುಳ್ಳಿ ಹಾಕಿ ಕುದಿಸಿ ಮಸೆಯುತ್ತೇವೆ. ವಿಜಯವಾಡದ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವಾಕೆಗೆ, ನಾನು ಅದಕ್ಕೆ ನುಚ್ಚು ಹಾಕುತ್ತೇನೆ ಎಂದಾಗ ಆಕೆ ನನ್ನನ್ನು ಕನಿಕರದಿಂದ ನೋಡಿದ್ದನ್ನೂ ಬರೆದಿದ್ದೆ. ಬರೆದು ಮುಗಿಸಿದಾಗ ನನಗೇ ಖುಷಿಯಾಗಿತ್ತು. ಓದಿದವರು ನನ್ನ ತಂಗಿ ಮತ್ತು ನಾನು. ನಾನು ಓದಿದ್ದೇ ಹೆಚ್ಚು ಸಲ.

ಮಗಳನ್ನು ನೋಡಲು ವಿಶಾಖಪಟ್ಟಣಕ್ಕೆ ಹೋದಾಗ ಈ ಸಂಗತಿ ಬಾಯಿತಪ್ಪಿ ಹೇಳಿಬಿಟ್ಟೆ. ಮೈದುನ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದ.

"ವೈನಿ, ನೀವು ನಿಮಗ ತಿಳಿದದ್ದು ಬರ್ಯಾಕತ್ತೀರಿ. ಮಂದಿ ಏನ್ ಹುಡುಕತಾರ, ಅದನ್ನ ಬರೀಬೇಕು. ಮೊದಲ ಕೀವರ್ಡ್ ನೋಡ್ರಿ, ಆಮ್ಯಾಲ ಒಲಿ ಹಚ್ಚರಿ."

ಅವನು ತೆರೆದದ್ದು ಒಂದು ಪುಟ. ಒಂದು ಮಾತನ್ನು ಅಲ್ಲಿ ಹಾಕಿದರೆ ಎಷ್ಟು ಜನ ಅದನ್ನು ಹುಡುಕುತ್ತಾರೆ, ಅದರ ಮೇಲೆ ಆಗಲೇ ಎಷ್ಟು ಮಂದಿ ಬರೆದು ಕೂತಿದ್ದಾರೆ ಎಂದು ತೋರಿಸುತ್ತದೆ. ಹೊಸಬರು, ಹುಡುಕುವವರಿದ್ದೂ ಬರೆಯುವವರಿಲ್ಲದ ಮಾತನ್ನು ಆರಿಸಿಕೊಳ್ಳಬೇಕಂತೆ. ಕೇಳಲು ಸರಳವಾಗಿಯೇ ಇತ್ತು. ಪುಂಡಿ ಪಲ್ಯ ಎಂದು ಹಾಕಿದ. ಒಂದು ಅಡ್ಡಗೆರೆ ಬಂತು. ಸೊನ್ನೆ ಕೂಡ ಅಲ್ಲ, ಬರೀ ಗೆರೆ. ಸೊನ್ನೆಯಾದರೂ ಒಂದು ಅಂಕಿಯಲ್ಲವೇ ಎಂದು ನನಗೆ ಸಿಟ್ಟು ಬಂತು. ಬರೀ ಪುಂಡಿ ಎಂದು ಹಾಕಿದರೆ ಹುಡುಕುವವರು ಸಿಕ್ಕರು. ಆದರೆ ಅವರು ಮಂಗಳೂರಿನ ಕಡೆಯವರು. ಅಲ್ಲಿ ಪುಂಡಿ ಎಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ. ಉಂಡೆ ಹುಡುಕಿಕೊಂಡು ಬಂದವರು ನನ್ನ ಸೊಪ್ಪನ್ನು ನೋಡಿ ಬಂದ ದಾರಿಗೆ ಸುಂಕವಿಲ್ಲವೆಂದು ಹೋಗಿರಬೇಕು.

ಜೋಳದ ರೊಟ್ಟಿಯ ಕಥೆ ಇನ್ನೂ ಕೆಟ್ಟದ್ದು. ಕನ್ನಡ ಅಕ್ಷರದಲ್ಲಿ ಹುಡುಕುವವರು ಕಡಿಮೆ. ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಕುತ್ತಾರೆ, ಅದನ್ನೂ ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ಕೆಲವರಿಗೆ ಬೇಕಾದದ್ದು ರೊಟ್ಟಿಯೂ ಅಲ್ಲ, ರೊಟ್ಟಿ ತಿಂದರೆ ತೂಕ ಇಳಿಯುತ್ತದೆಯೋ ಇಲ್ಲವೋ ಎಂಬ ಮಾತು. ಅದನ್ನೇ ಬರೆಯಿರಿ ಎಂದ ಮೈದುನ. ಜೋಳದ ರೊಟ್ಟಿ ತಿಂದೇ ಬೆಳೆದ ನನ್ನ ತೂಕವನ್ನು ನೋಡಿ ಈ ಮಾತು ಹೇಳು ಎಂದೆ. ಪಕ್ಕದಲ್ಲಿ ಓದುತ್ತಿದ್ದ ಮಗಳು ನಕ್ಕಳು. ನಾನು ಬರೆದದ್ದನ್ನು ಅವಳು ಓದಲಾರಳು, ಆದರೆ ಅದನ್ನು ಹೇಗೆ ಬರೆಯಬೇಕೆಂಬ ಸಲಹೆ ಅವಳಲ್ಲೂ ಇತ್ತು: ಚಿಕ್ಕದಾಗಿ ಬರೀಬೇಕಂತೆ.

ಅಲ್ಲಿದ್ದಷ್ಟೂ ದಿನ ನಾನು ಮಾಡಬಲ್ಲ ಅಡುಗೆಗಳೆಲ್ಲ ಒಂದೊಂದಾಗಿ ಆ ಪುಟದ ಮುಂದೆ ಹೋಗಿ ಗೆರೆ ಹಾಕಿಸಿಕೊಂಡು ಬಂದವು. ಗುರೆಳ್ಳು ಚಟ್ನಿ, ಸಜ್ಜೆ ಕಡುಬು, ನುಚ್ಚಿನ ಅಂಬಲಿ, ಯಾವುದೂ ಉಳಿಯಲಿಲ್ಲ. ಕೊನೆಗೆ ಮೈದುನ ತಾನೇ ಒಂದನ್ನು ಹಿಡಿದು ತಂದ. "ವಿಜಯವಾಡದಲ್ಲಿ ಕನ್ನಡ ಊಟ." ಹುಡುಕುವವರು ತೀರಾ ಹೆಚ್ಚೇನಿಲ್ಲ, ಆದರೆ ಅದರ ಮೇಲೆ ಒಬ್ಬರೂ ಬರೆದಿಲ್ಲ. ಅವನ ಮುಖದ ಮೇಲಿನ ಸಂತೋಷ ನೋಡಿದರೆ ಹಿತ್ತಲಲ್ಲಿ ನಿಧಿ ಸಿಕ್ಕಂತಿತ್ತು.

ಸೋತು ಒಪ್ಪಿದೆ. ಮನೆಗೆ ಬಂದು ಅದೇ ತಲೆಬರಹದಡಿ ನಮ್ಮ ಮನೆಯ ಊಟದ ಬಗ್ಗೆ ಬರೆದೆ. ಆಂಧ್ರದ ನೀರಿನಲ್ಲಿ ನಮ್ಮ ಬೇಳೆ ಬೇಯುವ ರೀತಿ, ಕೊಂಡಪಲ್ಲಿಯ ಕಡೆ ಜೋಳ ಬೀಸಿಸಲು ಗಿರಣಿ ಹುಡುಕಿದ್ದು, ಪುಂಡಿ ಪಲ್ಯವನ್ನು ಮತ್ತೆ ಒಂದು ಮೂಲೆಯಲ್ಲಿ ತುರುಕಿದ್ದು, ಎಲ್ಲ ಇತ್ತು. ಮೈದುನ ಅಲ್ಲಿಂದಲೇ ಅದನ್ನು ತಿದ್ದಿದ. ಸಂಪರ್ಕ ಇಲ್ಲದ ಪುಟವನ್ನು ಯಾರೂ ನಂಬುವುದಿಲ್ಲವೆಂದು ನನ್ನ ಫೋನ್ ನಂಬರನ್ನು ಕೆಳಗೆ ಹಾಕಿದ. ನಾನು ಬೇಡವೆಂದೆ. ಕನ್ನಡದವರು ನಾಲ್ಕು ಜನ ಮಾತಾಡಿಸಿದರೆ ಒಳ್ಳೆಯದೇ ಅಲ್ಲವೇ ಎಂದ. ನಂಬರು ಹಾಗೇ ಉಳಿಯಿತು.

ಫೋನುಗಳು ಬರತೊಡಗಿದವು. ಒಬ್ಬರಿಗೆ ಪಾರ್ಸೆಲ್ ಬೇಕಿತ್ತು. ಇನ್ನೊಬ್ಬರು ಮುದ್ದೆ ಸಿಗುತ್ತದೆಯೇ ಎಂದು ಕೇಳಿ, ನಾನು ರೊಟ್ಟಿಯ ಕಡೆಯವಳು ಎಂದಾಗ ಹಾಗಾದರೆ ಬೋರ್ಡಿನಲ್ಲಿ ಉತ್ತರ ಕರ್ನಾಟಕ ಎಂದು ಹಾಕಿ ಎಂದು ಸಲಹೆ ಕೊಟ್ಟರು. ಅಚ್ಯುತಾಪುರಂನ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹಾಸನದ ಹುಡುಗಿಯೊಬ್ಬಳು ತಿಂಗಳ ಊಟಕ್ಕೆ ಸೇರಿಕೊಳ್ಳಬಹುದೇ ಎಂದಳು. ನೀನಿರುವುದು ವಿಶಾಖಪಟ್ಟಣದ ಹತ್ತಿರ, ಇಲ್ಲಿಗೆ ರೈಲಿನಲ್ಲಿ ಅರ್ಧ ದಿನ ಬೇಕು ಎಂದು ತಿಳಿಸಿದೆ. ಪ್ರತಿಯೊಬ್ಬರಿಗೂ ಇದು ಹೋಟೆಲಲ್ಲ, ಬ್ಲಾಗ್ ಎಂದು ಬಿಡಿಸಿ ಹೇಳುತ್ತಿದ್ದೆ. ಬ್ಲಾಗ್ ಎಂದರೆ ಮೆಸ್ಸೇ ಎಂದು ಕೇಳಿದವರೂ ಇದ್ದರು. ಪುಟ ಓದಿದೆನೆಂದು ಹೇಳಲು ಫೋನ್ ಮಾಡಿದವರು ಒಬ್ಬರೂ ಇರಲಿಲ್ಲ.

ಒಂದು ಭಾನುವಾರ ನಾನು ಸ್ನಾನಕ್ಕೆ ಹೋದಾಗ ಫೋನ್ ಬಂತು. ನನ್ನ ಗಂಡ ಎತ್ತಿಕೊಂಡರು. ಅವರು ನನ್ನ ಬ್ಲಾಗನ್ನು ಒಮ್ಮೆಯೂ ತೆರೆದವರಲ್ಲ. ಅತ್ತ ಕಡೆಯವರು ನಮ್ಮ ಸೀಮೆಯ ಮಾತಿನಲ್ಲೇ, ವಿಜಯವಾಡಕ್ಕೆ ಬಂದೇವಿ, ಊಟಕ್ಕ ಬಂದ್ರ ಆಗತೈತೇನು ಎಂದು ಕೇಳಿದರಂತೆ. ನನ್ನ ತವರಿನವರು ಯಾರೋ ಎಂದುಕೊಂಡು ಇವರು ಬರ್ರಿ ಬರ್ರಿ ಎಂದು, ಯಾವ ಗೇಟು, ಯಾವ ತಿರುವು ಎಲ್ಲ ಹೇಳಿ ಇಟ್ಟರು. ಯಾರು ಎಂದು ಕೇಳಿದರೆ, "ನಿಮ್ಮ ಕಡೆಯವರು ಯಾರೋ. ಹೆಸರು ಕೇಳಿದ್ರ ಬ್ಯಾಸರ ಮಾಡ್ಕೋತಾರಂತ ಕೇಳಲಿಲ್ಲ" ಎಂದರು. ಚಿಕ್ಕಮ್ಮನ ಮಗ, ಅವನ ಹೆಂಡತಿ ಇರಬೇಕೆಂದು ಊಹಿಸಿ ಕುಕ್ಕರಿಗೆ ಸ್ವಲ್ಪ ಹೆಚ್ಚು ಅಕ್ಕಿ ಹಾಕಿದೆ. ಹಿಂದಿನ ದಿನದ ಪುಂಡಿ ಪಲ್ಯ ಇತ್ತು. ಅದು ತಂಗಳಾದಷ್ಟೂ ರುಚಿ.

ಮಧ್ಯಾಹ್ನದ ಹೊತ್ತಿಗೆ ಗೇಟಿನಿಂದ ಸೆಕ್ಯೂರಿಟಿಯವನು ಫೋನ್ ಮಾಡಿದ. "ಮೇಡಂ, ಮೀ ಹೋಟಲ್‌ಕಿ ಬಂಡಿ ವಚ್ಚಿಂದಿ." ನಿಮ್ಮ ಹೋಟೆಲಿಗೆ ಗಾಡಿ ಬಂದಿದೆ. ಇಷ್ಟು ವರ್ಷ ದಿನಾ ನಮಸ್ಕಾರ ಹೇಳಿದ ಮನುಷ್ಯ ಅದನ್ನು ಎಷ್ಟು ಸಹಜವಾಗಿ ಹೇಳಿದನೆಂದರೆ, ನಾನು ಯಾವಾಗ ಹೋಟೆಲ್ ಇಟ್ಟೆ ಎಂದು ನಾನೇ ಒಂದು ಕ್ಷಣ ಯೋಚಿಸಿದೆ.

ಇಬ್ಬರೂ ಗೇಟಿಗೆ ಹೋದೆವು. ಟೆಂಪೋ ಟ್ರಾವೆಲರ್ ಒಂದು ನಿಂತಿತ್ತು. ಬಾಗಲಕೋಟೆ ಕಡೆಯ ಯಾತ್ರಿಕರು. ವಿಜಯವಾಡದ ದುರ್ಗಮ್ಮನ ದರ್ಶನ ಮುಗಿಸಿ ಅನ್ನವರಂನ ಸತ್ಯನಾರಾಯಣನ ಗುಡಿಗೆ ಹೊರಟವರು, ಹೆಚ್ಚಿನವರು ವಯಸ್ಸಾದ ಹೆಂಗಸರು. ಬಿಸಿಲಿಗೆ ಮುಖಗಳು ಕಂದಿದ್ದವು. ಗುಂಪನ್ನು ಕರೆತಂದಿದ್ದ ಯಜಮಾನರು ಮುಂದೆ ಬಂದು ಊಟ ತಯಾರಿದೆಯೇ ಎಂದರು. ಇದು ಹೋಟೆಲ್ ಅಲ್ಲವೆಂದು ನಾನು ಹೇಳಿದಾಗ ಅವರು ಫೋನ್ ತೆಗೆದು ನನ್ನದೇ ತಲೆಬರಹವನ್ನು ನನಗೆ ತೋರಿಸಿದರು.

"ಇಲ್ಲಿ ಬರದೈತಲ್ರಿ, ಕನ್ನಡ ಊಟ ಅಂತ."

"ಅದರ ಕೆಳಗ ಓದೀರೇನು?"

"ಕೆಳಗ ಯಾಕ ಓದಬೇಕ್ರಿ? ನಂಬರ್ ಇತ್ತು, ಫೋನ್ ಹಚ್ಚಿದ್ವಿ. ನಿಮ್ಮ ಯಜಮಾನ್ರು ಬರ್ರಿ ಅಂದ್ರು."

ನಾನು ನನ್ನ ಗಂಡನ ಕಡೆ ನೋಡಿದೆ. ಅವರು ಟೆಂಪೋದ ಚಕ್ರಗಳನ್ನು ಪರೀಕ್ಷಿಸುತ್ತಿದ್ದರು.

ಅವರನ್ನು ಹಾಗೇ ಕಳಿಸಿಬಿಡಬೇಕೆಂದೇ ನಾನು ಗೇಟಿಗೆ ಬಂದಿದ್ದು. ಮುಖ್ಯ ರಸ್ತೆಯಲ್ಲಿ ಹೋಟೆಲುಗಳಿವೆ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಯಾರಿಗೂ ಅಲ್ಲವೆನ್ನುವಂತೆ ಮಾತಾಡಿದಳು. "ಊರು ಬಿಟ್ಟಾಗಿಂದ ಏನ್ ತಿಂದ್ರೂ ಬಾಯಿ ಉರೀತೈತಿ. ಮಸರನ್ನ ಇದ್ರೂ ಸಾಕವ್ವಾ." ಅವಳ ಮಾತಿನಲ್ಲಿ ಬೇಡಿಕೆಯಿರಲಿಲ್ಲ, ಬರೀ ದಣಿವಿತ್ತು. ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಆ ಸಿಟ್ಟನ್ನು ಇವರ ಮೇಲೆ ಹಾಕುವುದು ಸರಿಯಲ್ಲವೆಂದು ಗೊತ್ತಾಯಿತು.

ಗಾಡಿಯನ್ನು ಒಳಗೆ ಬಿಡಲು ಸೆಕ್ಯೂರಿಟಿಯವನು ಒಪ್ಪಲಿಲ್ಲ; ಕ್ವಾರ್ಟರ್ಸಿನಲ್ಲಿ ವ್ಯಾಪಾರ ನಡೆಸುವಂತಿಲ್ಲ. ಆಗ ನನ್ನ ಗಂಡ, ಆ ದಿನ ಮೊದಲ ಸಲ ಉಪಯೋಗಕ್ಕೆ ಬರುವ ಮಾತಾಡಿದರು. ಇವರೆಲ್ಲ ನಮ್ಮ ಮನೆಯವಳ ಬಂಧುಗಳು ಎಂದು ತೆಲುಗಿನಲ್ಲಿ ಹೇಳಿದರು. "ಅಂದರೂನಾ ಸಾರ್?" ಎಲ್ಲರೂನಾ ಎಂದು ಅವನು ಕೇಳಿದ. ಎಲ್ಲರೂನೇ ಎಂದರು ಇವರು. ಅವನು ನನ್ನನ್ನೂ ಆ ಗುಂಪನ್ನೂ ಬಹಳ ಹೊತ್ತು ನೋಡಿ, ಗಾಡಿ ಹೊರಗಿರಲಿ, ಬಂಧುಗಳು ಒಳಗೆ ಹೋಗಲಿ ಎಂದ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಸೊಂಟ ನೋಯುತ್ತದೆ. ಇದ್ದ ರವೆಯೆಲ್ಲ ಉಪ್ಪಿಟ್ಟಾಯಿತು. ಪಕ್ಕದ ಮನೆಯ ತೆಲುಗಿನಾಕೆ, ಮೊಸರಿನ ಪಾತ್ರೆಯನ್ನು ಪೂರ್ತಿ ತಂದಿಟ್ಟು, ಮುಂಚೆಯೇ ಹೇಳಬಾರದಿತ್ತೇ ಎಂದು ನನ್ನನ್ನೇ ಗದರಿಸಿದಳು. ಹಾಲ್‌ನಲ್ಲಿ, ವರಾಂಡದಲ್ಲಿ, ಮಗಳ ಕೋಣೆಯಲ್ಲಿ ಕೂತು ಉಂಡರು. ಯಾರೂ ತಲೆ ಎತ್ತಲಿಲ್ಲ. ಗುಂಪಿನ ಯಜಮಾನರು ಮಾತ್ರ ಉಪ್ಪಿಟ್ಟಿಗೆ ಒಂಚೂರು ಎಣ್ಣೆ ಕಡಿಮೆಯಾಗಿದೆ ಎಂದರು. ಅಜ್ಜಿ ಪುಂಡಿ ಪಲ್ಯವನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟು, ನನ್ನನ್ನು ಹತ್ತಿರ ಕರೆದಳು.

"ಇದು ನಮ್ಮ ಪುಂಡಿ ಅಲ್ಲ. ಖರೇ ಹೇಳು, ಎಲ್ಲಿದು?"

ಗೋಂಗೂರ ಎಂದೆ. ಅವಳು ಆ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿ, ಮೂರನೆಯ ಸಲ ಬಿಟ್ಟುಕೊಟ್ಟಳು. ಹುಳಿ ಸ್ವಲ್ಪ ಮುಂದಿದೆ, ಆದರೂ ಚಲೋ ಐತಿ ಎಂದು ಮತ್ತೆ ಹಾಕಿಸಿಕೊಂಡಳು. ಹೊರಡುವಾಗ ನನ್ನ ನಂಬರನ್ನು, ಜೊತೆಗೆ ಬಂದಿದ್ದ ಮೊಮ್ಮಗನ ಫೋನಿನಿಂದ ತನ್ನ ಹಳೆಯ ಫೋನಿಗೆ ಹಾಕಿಸಿಕೊಂಡಳು.

ಅವರು ಹೋದ ಮೇಲೆ ಮೈದುನನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ನನ್ನ ದನಿಯಲ್ಲೇ ಅವನಿಗೆ ತಿಳಿಯಬೇಕಿತ್ತು.

"ವೈನಿ," ಎಂದ ಅವನು ಗಂಭೀರವಾಗಿ, "ಇದಕ್ಕ ನಮ್ಮಲ್ಲಿ ಕನ್ವರ್ಷನ್ ಅಂತಾರ. ಗಿರಾಕಿ ಮನಿತನಕ ಬಂದಾರ ಅಂದ್ರ ಕೀವರ್ಡ್ ಕೆಲಸ ಮಾಡೇತಿ."

ಪಾತ್ರೆಗಳ ರಾಶಿಯ ಮುಂದೆ ನಿಂತು ನಾನು ಫೋನ್ ಇಟ್ಟೆ. ಸಂಜೆ ಸೆಕ್ಯೂರಿಟಿ ಆಫೀಸಿನವರು ನನ್ನ ಗಂಡನನ್ನು ಕರೆದು, ಬಂಧುಗಳು ಇನ್ನು ಮುಂದೆ ಕಂತುಕಂತಾಗಿ ಬಂದರೆ ಒಳ್ಳೆಯದು ಎಂದು ಮರ್ಯಾದೆಯಿಂದಲೇ ಹೇಳಿದರು. ಇವರು ಮನೆಗೆ ಬಂದು ಮೊದಲ ಸಲ ನನ್ನ ಬ್ಲಾಗ್ ತೆರೆದು, ಪೂರ್ತಿ ಓದಿ, ಪಲ್ಯದ ಭಾಗ ಚೆನ್ನಾಗಿದೆ, ತಲೆಬರಹ ತೆಗೆ ಎಂದರು. ಆ ಮೆಚ್ಚುಗೆಯನ್ನು ಒಂದು ವರ್ಷ ಮುಂಚೆ ಹೇಳಿದ್ದರೆ ಈ ಮೈದುನನ ಕೈಗೆ ನಾನು ಸಿಗುತ್ತಲೇ ಇರಲಿಲ್ಲ.

ನಂಬರ್ ತೆಗೆದೆ. ತಲೆಬರಹವನ್ನು "ಇದು ಹೋಟೆಲ್ ಅಲ್ಲ" ಎಂದು ಬದಲಿಸಿದೆ. ಸಿಟ್ಟಿನಲ್ಲೇ ಕೆಳಗೆ ಬರೆದೆ: ವಿಜಯವಾಡದಲ್ಲಿ ಕನ್ನಡ ಊಟ ಹುಡುಕುವವರು ಯಾವ ಹೋಟೆಲಿಗೆ ಹೋದರೂ ಮೊದಲು ಕಾರಂ ತಕ್ಕುವ, ಖಾರ ಕಡಿಮೆ, ಎಂದು ಹೇಳಿ, ಮೊಸರನ್ನು ಕೊನೆಗಲ್ಲ, ಮೊದಲೇ ತರಿಸಿಕೊಳ್ಳಿ, ಪಪ್ಪು ಎಂದರೆ ಬೇಳೆ, ಅದು ನಿಮ್ಮನ್ನು ಕಾಪಾಡುತ್ತದೆ, ಕೆಂಪು ಪಚ್ಚಡಿಯನ್ನು ಬರೀ ನೋಡಿ. ವಯಸ್ಸಾದವರಿದ್ದರೆ ಬಿಸಿಲೇರುವ ಮುಂಚೆಯೇ ಉಣಿಸಿ. ಇಷ್ಟೇ. ಅದರಲ್ಲಿ ಅಡುಗೆಯೂ ಇಲ್ಲ, ನಾನು ಬರವಣಿಗೆ ಎಂದು ಕರೆಯುವಂಥದ್ದೂ ಇಲ್ಲ.

ನಾನು ಬರೆದದ್ದರಲ್ಲಿ ಜನ ಓದಿದ್ದು ಅದೊಂದನ್ನೇ. ಈಗಲೂ ಓದುತ್ತಾರೆ. ಮೈದುನ ಅದನ್ನು ತನ್ನ ಆಫೀಸಿನ ಮೀಟಿಂಗಿನಲ್ಲಿ ತೋರಿಸಿ, 'ಅಲ್ಲ' ಎನ್ನುವ ತಲೆಬರಹ 'ಹೌದು' ಎನ್ನುವುದಕ್ಕಿಂತ ಹೆಚ್ಚು ಜನರನ್ನು ಸೆಳೆಯುತ್ತದೆಂದು ತಾನೇ ಕಂಡುಹಿಡಿದಂತೆ ವಿವರಿಸಿದನಂತೆ. ಮಗಳು ಫೋನಿನಲ್ಲಿ ಇದನ್ನು ಹೇಳಿ ನಕ್ಕಳು. ನಾನು ನಗಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ಅಜ್ಜಿಯ ಸೊಸೆ ಫೋನ್ ಮಾಡಿದಳು. ಅತ್ತೆ ಆ ಪಲ್ಯವನ್ನೇ ಕೇಳುತ್ತಾಳೆ, ಎಷ್ಟು ಮಾಡಿದರೂ ಇದು ಅದಲ್ಲ ಎನ್ನುತ್ತಾಳೆ, ಏನು ಹಾಕಿದ್ದಿರಿ ಎಂದು ಕೇಳಿದಳು. ಎಲ್ಲ ವಿವರವಾಗಿ ಬರೆದಿದ್ದೇನೆ, ಓದಿ ಎಂದು ಹೇಳಲು ಹೋದೆ. ಅತ್ತ ಕುಕ್ಕರ್ ಕೂಗುತ್ತಿತ್ತು; ಅವಳು ಕಾಯುತ್ತಿದ್ದಳು. ನುಚ್ಚನ್ನು ಮೊದಲು ತೊಳೆದು ನೆನೆಸಿಡಬೇಕು ಎಂಬಲ್ಲಿಂದ ಹೇಳತೊಡಗಿದೆ.